ಪಟ್ಟಿಯಲ್ಲೇ ಇಲ್ಲದ ಮಕ್ಕಳಿಗೆ ಪೋಲಿಯೋ ಹನಿ ತಲುಪಿಸುವುದು ಹೇಗೆ

ಪೋಲಿಯೋ ಭಾನುವಾರ ಮುಗಿದು, ಮನೆ ಮನೆ ಸುತ್ತುವುದೂ ಮುಗಿದ ಮೇಲೆ ಟ್ಯಾಲಿ ಶೀಟ್ ಕೂಡಿಸುತ್ತೇವೆ. ನೂರಕ್ಕೆ ನೂರು ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷವೂ ಹಾಗೇ ಬಂದಿತ್ತು, ಖುಷಿಯಿಂದ ವರದಿ ಕೊಟ್ಟಿದ್ದೆ. ಆಮೇಲೆ ಐದಾರು ದಿನಕ್ಕೆ ಬೇರೆ ಯಾವುದೋ ಕೆಲಸಕ್ಕೆ ಕೆರೆ ಏರಿ ಮೇಲೆ ಹೋಗುತ್ತಿದ್ದಾಗ ಹಿಂದುಗಡೆ ಇಟ್ಟಿಗೆ ಗೂಡಿನ ಹೊಗೆ ಕಾಣಿಸಿತು, ಇಳಿದು ಹೋಗಿ ನೋಡಿದರೆ ಮಣ್ಣಿನ ರಾಶಿ ಮೇಲೆ ಏಳು ಮಕ್ಕಳು ಆಡುತ್ತಿದ್ದವು. ಒಂದೊಂದರ ಎಡಗೈ ಹಿಡಿದು ಕಿರುಬೆರಳು ನೋಡಿದೆ. ಹನಿ ಹಾಕಿದ ಮೇಲೆ ಎಳೆಯುವ ಶಾಯಿ ಗುರುತು ಒಂದಕ್ಕೂ ಇರಲಿಲ್ಲ. ಅವರ ತಾಯಂದಿರು ಬೇಡ ಅಂದವರಲ್ಲ. ಅವರನ್ನು ಯಾರೂ ಕೇಳಿರಲೇ ಇಲ್ಲ.

ಆವತ್ತಿನಿಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಹನಿ ತಪ್ಪಿದ ಮಗು ಹೆಚ್ಚಾಗಿ ಹಟ ಮಾಡುವ ಮನೆಯದ್ದಲ್ಲ, ನಮ್ಮ ಪಟ್ಟಿಯಲ್ಲೇ ಇಲ್ಲದ ಮನೆಯದ್ದು. ಪಟ್ಟಿಯಲ್ಲಿ ಇಲ್ಲದ ಮಗು ಶೇಕಡಾ ಲೆಕ್ಕದಲ್ಲೂ ಬರುವುದಿಲ್ಲ, ಹಾಗಾಗಿ ಲೆಕ್ಕ ಚೆನ್ನಾಗೇ ಕಾಣುತ್ತದೆ. ಹೊಸದಾಗಿ ಸೇರಿದ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ, ಬೂತಿನಲ್ಲಿ ಕೂರುವ ಕಾಲೇಜು ಮಕ್ಕಳಿಗೆ, ಸಂಘದ ಹೆಂಗಸರಿಗೆ ಉಪಯೋಗ ಆಗಲಿ ಅಂತ ಮಂಡ್ಯ, ಮೈಸೂರು ಕಡೆ ನಾನು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ಪೋಲಿಯೋ ಹೋಗಿದೆ ಅಲ್ವಾ, ಇನ್ನೂ ಯಾಕೆ ಇಷ್ಟು ಒದ್ದಾಟ ಅಂತ ಎಲ್ಲರೂ ಕೇಳುತ್ತಾರೆ. ನಿಜ, ನಮ್ಮ ದೇಶದ ಕೊನೆಯ ಕಾಡು ಪೋಲಿಯೋ (ಲಸಿಕೆಯಿಂದಲ್ಲದೆ ತಾನಾಗಿ ಹರಡುವ ಮೂಲ ವೈರಸ್‌ನ) ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಆ ವೈರಸ್ ಇನ್ನೂ ಓಡಾಡುತ್ತಿದೆ. ಇನ್ನೊಂದು ವಿಷಯ ಇದೆ, ಇದನ್ನು ಜನರಿಗೆ ಮುಚ್ಚಿಡಬಾರದು. ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಎಲ್ಲ ಮಕ್ಕಳೂ ಹನಿ ಹಾಕಿಸಿಕೊಂಡ ಊರಲ್ಲಿ ಅದರಿಂದ ತೊಂದರೆ ಇಲ್ಲ ಅಂತಲೇ ಹೇಳಬಹುದು. ತುಂಬಾ ಮಕ್ಕಳು ಬಿಟ್ಟುಹೋದ ಕಡೆ ಅದು ಮಲದ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ತಿಂಗಳುಗಟ್ಟಲೆ ಸುತ್ತಾಡಿ ಮತ್ತೆ ಕೆಟ್ಟ ರೂಪಕ್ಕೆ ತಿರುಗಬಹುದು. 2024ರಲ್ಲಿ ಮೇಘಾಲಯದ ಪಶ್ಚಿಮ ಗಾರೋ ಬೆಟ್ಟ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡದ್ದು ಲಸಿಕೆಯಿಂದ ಹುಟ್ಟಿದ ವೈರಸ್. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಬಿದ್ದುಹೋಗುತ್ತದೆ. ಅಂದರೆ ಒಂದು ಮಗುವಿನ ಕಾಲು ಹೋಯಿತು ಅಂತ ನಮಗೆ ಗೊತ್ತಾಗುವಷ್ಟರಲ್ಲಿ ವೈರಸ್ ಊರೆಲ್ಲಾ ತಿರುಗಿ ಆಗಿರುತ್ತದೆ.

ಪಟ್ಟಿ ಮಾಡುವುದು

ಮನೆ ನಂಬರ್ ಹಿಡಿದು ಹೊರಡಬೇಡಿ. ಮನೆ ನಂಬರ್ ಇರುವವರು ಹೇಗೂ ಸಿಗುತ್ತಾರೆ. ನಂಬರ್ ಇಲ್ಲದೆ ಜನ ಎಲ್ಲೆಲ್ಲಿ ಮಲಗುತ್ತಾರೆ ಅಂತ ಯೋಚನೆ ಮಾಡಿ. ಆಲೆಮನೆ, ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೋಳಿ ಫಾರಂ, ಕಟ್ಟಡ ಕೆಲಸದ ಶೆಡ್ಡು, ಕಬ್ಬು ಕಡಿಯುವವರ ಟಾರ್ಪಾಲು ಗುಡಿಸಲು, ನಾಲೆ ಏರಿ ಮೇಲೆ ಬಿಡಾರ ಹೂಡಿದವರು, ಊರಾಚೆ ಬಯಲಲ್ಲಿ ಕೋಲೆ ಬಸವನ ಜೊತೆ ಇಳಿದವರು, ಕುರಿ ಮಂದೆ ಹೊಡೆದುಕೊಂಡು ಬಂದವರು. ಒಂದು ನೋಟ್ ಬುಕ್ಕಿನಲ್ಲಿ ಇವನ್ನೆಲ್ಲ ಊರ ಹೆಸರಿನ ಜೊತೆ ಬರೆದುಕೊಳ್ಳಿ. ಪಕ್ಕದಲ್ಲಿ ತಿಂಗಳು ಬರೆಯಿರಿ, ಯಾಕೆಂದರೆ ಅದೇ ಜಾಗ ಮೂರು ತಿಂಗಳು ಖಾಲಿ ಇದ್ದು ಒಂದೇ ವಾರದಲ್ಲಿ ಇಪ್ಪತ್ತು ಸಂಸಾರ ಬಂದಿಳಿಯುತ್ತದೆ.

ಇದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಾರ್ಖಾನೆ ಅರೆಯಲು ಶುರುವಾದರೆ ಬಳ್ಳಾರಿ, ವಿಜಯನಗರ, ದಾವಣಗೆರೆ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಅದರಲ್ಲಿ ಲಂಬಾಣಿ ತಾಂಡಾದವರು ಜಾಸ್ತಿ. ಆಲೆಮನೆಗಳಲ್ಲಿ ಈಗ ಉತ್ತರ ಪ್ರದೇಶ, ಬಿಹಾರದವರೂ ಇದ್ದಾರೆ. ಯಾವ ಗ್ಯಾಂಗು ಯಾವ ಊರಲ್ಲಿದೆ ಅಂತ ಪಂಚಾಯಿತಿಯಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ. ಕಾರ್ಖಾನೆಯ ಕಬ್ಬು ವಿಭಾಗದ ಫೀಲ್ಡ್‌ಮನ್‌ಗೆ ಗೊತ್ತಿರುತ್ತದೆ. ಈ ವಾರ ಎಲ್ಲಿ ಕಟಾವು, ಮುಂದಿನ ವಾರ ಎಲ್ಲಿ ಅಂತ ಅವರೇ ಹೇಳುತ್ತಾರೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಗ್ಯಾಂಗಿನ ಮೇಸ್ತ್ರಿಯದ್ದೂ ಇಟ್ಟುಕೊಳ್ಳಿ.

ಇನ್ನೊಬ್ಬರು ಇದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ. ಬಿಡಾರದ ಹತ್ತಿರದ ಪೆಟ್ಟಿಗೆ ಅಂಗಡಿಯವರು. ದಿನಾ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಯಾರು ಒಯ್ಯುತ್ತಾರೆ, ಬಿಸ್ಕೆಟ್ ಸಾಲ ಯಾರ ಲೆಕ್ಕದಲ್ಲಿದೆ, ಯಾವ ಬಿಡಾರಕ್ಕೆ ಮೊನ್ನೆ ಬಾಣಂತಿ ಬಂದಳು, ಎಲ್ಲಾ ಅವರಿಗೆ ಗೊತ್ತು. ನನ್ನ ನೋಟ್ ಬುಕ್ಕಿನಲ್ಲಿ ಸಿಕ್ಕ ಹೊಸ ಕೂಸುಗಳಲ್ಲಿ ಅರ್ಧಕ್ಕರ್ಧ ಅಂಗಡಿ ಮುಂದೆ ಟೀ ಕುಡಿಯುತ್ತಾ ಸಿಕ್ಕಿದ್ದು.

ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಲೆಕ್ಕವೇ ಬೇರೆ. ಎಚ್.ಡಿ. ಕೋಟೆ, ಸರಗೂರು, ಹುಣಸೂರು ಕಡೆಯ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಕೇರಿಗಳಿಗೆ, ನಾನು ಒಂದಷ್ಟು ಕಾಲ ಹೋಗಿ ಬಂದು ಮಾಡಿದ್ದೇನೆ. ಅಲ್ಲಿ ಹೊರಗಿನಿಂದ ಬಂದವರಲ್ಲ, ಹೊರಗೆ ಹೋದವರು ತಪ್ಪಿಹೋಗುತ್ತಾರೆ. ಕಾಫಿ ಕುಯ್ಯುವ ಕಾಲಕ್ಕೆ ಜೇನುಕುರುಬರು, ಎರವರು ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ತೋಟಗಳಿಗೆ ಹೋಗಿಬಿಡುತ್ತಾರೆ. ನಾವು ಹಾಡಿಗೆ ಹೋದರೆ ಬಾಗಿಲು ಹಾಕಿರುತ್ತದೆ, ಬೀಗ ಅಂತ ಬರೆದುಕೊಂಡು ವಾಪಸ್ ಬರುತ್ತೇವೆ. ತೋಟದವರು ಇವರು ನಮ್ಮೂರವರಲ್ಲ ಅಂದುಕೊಳ್ಳುತ್ತಾರೆ. ಎರಡೂ ಕಡೆ ಲೆಕ್ಕದಿಂದ ಹೊರಗೆ. ಇಂಥವರಿಗೆ ಹೊರಡುವ ಮುಂಚೆಯೇ ಹಾಕಿಬಿಡಬೇಕು, ಅಥವಾ ಯಾವ ತೋಟ ಅಂತ ಹಾಡಿಯ ಯಜಮಾನರನ್ನು ಕೇಳಿ ಆ ಕಡೆಯ ಆಶಾಗೆ ಫೋನ್ ಮಾಡಬೇಕು.

ಹೋಗುವ ಹೊತ್ತು

ನಮ್ಮ ಹೊತ್ತಿಗೆ ಅವರು ಸಿಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹತ್ತು ಗಂಟೆಗೆ ಜೀಪು ಹೊರಟು ಹನ್ನೊಂದಕ್ಕೆ ಕಬ್ಬು ಕಡಿಯುವವರ ಬಿಡಾರಕ್ಕೆ ಹೋದರೆ ಅಲ್ಲಿ ಒಂದು ನಾಯಿ, ಒಬ್ಬಳು ಅಜ್ಜಿ ಇರುತ್ತಾರೆ. ಕತ್ತಲಿರುವಾಗಲೇ ಎದ್ದು, ರೊಟ್ಟಿ ಕಟ್ಟಿಕೊಂಡು, ಕೂಸನ್ನು ಸೆರಗಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಬೆಳಗ್ಗೆ ಐದೂವರೆಗೆ ಹೋಗಿ, ಇಲ್ಲ ಸಂಜೆ ಲೋಡು ತುಂಬಿದ ಮೇಲೆ ಹೋಗಿ. ಅದೂ ಆಗದಿದ್ದರೆ ಗದ್ದೆಗೇ ಹೋಗಿ. ಬದುವಿನ ಮರದ ನೆರಳಲ್ಲಿ ಸೀರೆ ಜೋಲಿ ಕಟ್ಟಿರುತ್ತಾರೆ, ಅದರ ಪಕ್ಕದಲ್ಲಿ ಐದಾರು ವರ್ಷದ ಹುಡುಗಿ ತೂಗುತ್ತಾ ಕೂತಿರುತ್ತಾಳೆ. ಅವಳನ್ನು ಮಾತಾಡಿಸಿದರೆ ಯಾವ ಯಾವ ಕೂಸು ಯಾರದ್ದು ಅಂತ ಪೂರ್ತಿ ಲೆಕ್ಕ ಒಪ್ಪಿಸುತ್ತಾಳೆ.

ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಲ್ಲಿ ಯಾರೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಪಾಕ ಅಚ್ಚಿಗೆ ಸುರಿದು ಮುಗಿಯುವವರೆಗೆ ಕಾಯಿರಿ. ಹಾಡಿಗಳಿಗೆ ಹೋಗುವ ಕಾಡಿನ ರಸ್ತೆಯಲ್ಲಿ ಆನೆ ಇರುತ್ತದೆ, ಕೆಲವು ಕಡೆ ರಾತ್ರಿ ಗೇಟು ಹಾಕುತ್ತಾರೆ, ಆದ್ದರಿಂದ ಅರಣ್ಯ ಇಲಾಖೆಯವರಿಗೆ ಹಿಂದಿನ ದಿನವೇ ತಿಳಿಸಿ, ಬೆಳಕಿರುವಾಗಲೇ ಹೋಗಿ ಬೆಳಕಿರುವಾಗಲೇ ಬನ್ನಿ.

ಸಂತೆ ದಿನ ಬಿಡಬೇಡಿ. ಊರಲ್ಲಿ ಮುಖ ತೋರಿಸದವರೂ ಸಂತೆಗೆ ಬರುತ್ತಾರೆ. ಸುತ್ತೂರು ಜಾತ್ರೆ, ಚುಂಚನಗಿರಿ ಜಾತ್ರೆ, ಮೇಲುಕೋಟೆ ವೈರಮುಡಿಗೆ ಅಂಗಡಿ ಹಾಕುವವರು, ತೊಟ್ಟಿಲು ತಿರುಗಿಸುವವರು, ಬಳೆ ಮಾರುವವರು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಲೇ ಇರುತ್ತಾರೆ, ಯಾವ ಊರ ಪಟ್ಟಿಯಲ್ಲೂ ಇರುವುದಿಲ್ಲ. ದಸರಾಕ್ಕೆ ಆನೆ ಜೊತೆ ಅರಮನೆಗೆ ಬರುವ ಮಾವುತರು, ಕಾವಾಡಿಗಳ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಸುತ್ತಾರೆ. ಹಾಡಿಯಲ್ಲಿ ತಪ್ಪಿಸಿಕೊಂಡ ಮಗುವಿನ ಕಾರ್ಡ್ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನ ಬೂತಿನವರು ಮೇಜಿನ ಹಿಂದೆ ಕೂರಬೇಡಿ. ಬಸ್ಸು ನಿಂತ ತಕ್ಷಣ ಹತ್ತಿ, ಕಿರುಬೆರಳು ನೋಡುತ್ತಾ ಹಿಂದಿನ ಸೀಟಿನವರೆಗೆ ಹೋಗಿ ಇಳಿಯಿರಿ.

ಮಾತಾಡುವುದು

ಬೇಡ ಅನ್ನುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಬೇಡದ ಹಿಂದೆ ಏನಿದೆ ಅಂತ ಕೇಳುವವರೆಗೆ ಭಾಷಣ ಶುರು ಮಾಡಬೇಡಿ. ಕಳೆದ ಸಲ ಹರಪನಹಳ್ಳಿ ಕಡೆಯ ಒಬ್ಬ ತಾಯಿ ಗುಡಿಸಲ ಒಳಗಿಂದ ಹೊರಗೇ ಬರಲಿಲ್ಲ. ನಾನು ಹೊರಗೆ ಕಬ್ಬಿನ ಸೋಗೆ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದಲೇ ಅಂದಳು, "ಅಕ್ಕಾರ, ಹಿಂದಕ ಸೂಜಿ ಮಾಡಿಸಿದ್ದಕ್ಕ ಎರಡು ದಿನ ಜ್ವರ ಬಂತ್ರಿ. ಕೂಸು ಅಳ್ತಿತ್ತು, ಕೆಲಸಕ್ಕ ಹೋಗಾಕ ಆಗ್ಲಿಲ್ಲ. ಮೇಸ್ತ್ರಿ ಬೈದ, ಪಗಾರ ಹೋತು. ನೀವು ಕೊಡ್ತೀರೇನು?"

ಅವಳ ಮಾತು ಸರಿಯಾಗೇ ಇತ್ತು. ಜ್ವರ ಬರುವುದು ಹೆಚ್ಚಾಗಿ ಪೆಂಟಾ (ಐದು ರೋಗಕ್ಕೆ ಒಟ್ಟಿಗೆ ಕೊಡುವ) ಇಂಜೆಕ್ಷನ್ನಿಂದ, ಬಾಯಿಗೆ ಹಾಕುವ ಹನಿಯಿಂದಲ್ಲ. ಆದರೆ ಅವಳಿಗೆ ಎರಡೂ ಒಂದೇ. ಮೊದಲು "ಹೌದಕ್ಕ, ಜ್ವರ ಬರುತ್ತದೆ, ಒಂದೆರಡು ದಿನ ಇರುತ್ತದೆ" ಅಂತ ಒಪ್ಪಿಕೊಂಡೆ. ಜ್ವರ ಬರಲ್ಲ ಅಂತ ಸುಳ್ಳು ಹೇಳಿದರೆ ಆ ಬಿಡಾರದ ಬಾಗಿಲು ಮುಂದೆ ಯಾವತ್ತೂ ತೆರೆಯುವುದಿಲ್ಲ. ಆಮೇಲೆ ಇವತ್ತು ಹನಿ ಮಾತ್ರ, ಸೂಜಿ ಇಲ್ಲ ಅಂತ ಸೀಸೆ ತೋರಿಸಿದೆ. ಬಾಕಿ ಇಂಜೆಕ್ಷನ್ನಿಗೆ ಮೇಸ್ತ್ರಿಯನ್ನೇ ಕರೆದು, ಕಟಾವು ಇಲ್ಲದ ದಿನ ಯಾವುದು ಬರುತ್ತದೆ ಅಂತ ಕೇಳಿ, ಅದರ ಹಿಂದಿನ ಸಂಜೆ ಬರುತ್ತೇವೆ ಅಂತ ಮಾತಾಯಿತು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು, ಎಷ್ಟು ಅಳತೆ ಅಂತ ಮುಚ್ಚಳದ ಮೇಲೆ ಗೆರೆ ಎಳೆದು ತೋರಿಸಿದೆವು. ಹೇಳಿದ ಸಂಜೆ ಹೋದೆವು. ಕೂಸನ್ನು ಅವಳೇ ಎತ್ತಿಕೊಂಡು ರಸ್ತೆಗೆ ಬಂದು ನಿಂತಿದ್ದಳು.

ಹೇಳಿದ ದಿನ ಹೋಗುವುದು ಮುಖ್ಯ. ಮಳೆ ಬರಲಿ, ಜೀಪು ಸಿಗದಿರಲಿ, ಹೋಗಿ. ಆಗದಿದ್ದರೆ ಫೋನ್ ಮಾಡಿ ಹೇಳಿ.

ನಮ್ಮ ಮಾತಿಗಿಂತ ಅವರವರ ಮಾತು ಜಾಸ್ತಿ ನಡೆಯುತ್ತದೆ. ತಾಂಡಾದ ಹೆಂಗಸಿಗೆ ಇನ್ನೊಬ್ಬ ತಾಂಡಾದ ಹೆಂಗಸು, ಹಾಡಿಯಲ್ಲಿ ಯಜಮಾನರು, ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ನಡುವೆ ಅಲ್ಲೇ ಓದಿದ ಹುಡುಗಿ. ಉತ್ತರ ಪ್ರದೇಶ, ಬಿಹಾರದಲ್ಲಿ ಪೋಲಿಯೋ ಕಡಿಮೆಯಾದದ್ದೂ ಹೀಗೇ. 2009ರಲ್ಲಿ ದೇಶದಲ್ಲಿ 741 ಪ್ರಕರಣ ಇತ್ತು, ಬಹುಪಾಲು ಆ ಎರಡು ರಾಜ್ಯದ್ದೇ. ಮೊಹಲ್ಲಾದ ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಂಡರು, ಮಸೀದಿಯ ಮೈಕಿನಲ್ಲಿ ಇಮಾಮರೇ ಕೂಗಿದರು, ಕೋಸಿ ನದಿಯ ನಡುಗಡ್ಡೆಗಳಿಗೆ ದೋಣಿಯಲ್ಲಿ ಹೋದರು, ಓಡುವ ರೈಲಿನಲ್ಲಿ ಹನಿ ಹಾಕಿದರು. 2010ಕ್ಕೆ 42, 2011ಕ್ಕೆ ಒಂದೇ ಒಂದು. ನಮ್ಮ ಆಲೆಮನೆಗೆ ಬರುವ ಆ ಕಡೆಯವರು ಇದನ್ನೆಲ್ಲ ನೋಡಿ ಬೆಳೆದವರು. ಕನ್ನಡ ಬರದಿದ್ದರೂ ಪರವಾಗಿಲ್ಲ, "ದೋ ಬೂಂದ್" (ಎರಡು ಹನಿ) ಅಂದರೆ ಸಾಕು, ಮಗುವನ್ನು ಎತ್ತಿಕೊಂಡು ಬರುತ್ತಾರೆ.

ಪದೇ ಪದೇ ಬರುವ ಮೂರು ನಾಲ್ಕು ಮಾತಿಗೆ ಉತ್ತರ ಬಾಯಲ್ಲೇ ಇರಲಿ. ಮಗುವಿಗೆ ನೆಗಡಿ, ಸಣ್ಣ ಜ್ವರ, ಬೇಧಿ ಇದೆ ಅಂದರೆ ಹಾಕಬಹುದು. ಹನಿ ಹಾಕಿದ ತಕ್ಷಣ ಎದೆಹಾಲು ಕುಡಿಸಬಹುದು, ಅರ್ಧ ಗಂಟೆ ಕಾಯಬೇಕು ಅನ್ನುವುದು ಹಳೆಯ ನಂಬಿಕೆ. ಹೋದ ತಿಂಗಳು ತಾನೇ ಹಾಕಿಸಿದ್ದೇವೆ ಅಂದರೂ ಪಲ್ಸ್ ಪೋಲಿಯೋ ದಿನ ಮತ್ತೆ ಹಾಕಬೇಕು, ಜಾಸ್ತಿ ಆಯಿತು ಅಂತ ಏನೂ ಆಗುವುದಿಲ್ಲ. ಕಾರ್ಡ್ ಕಳೆದಿದೆ, ನೆನಪಿಲ್ಲ ಅಂದರೂ ಹನಿ ಹಾಕಿ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ, ಓದಿದವರಲ್ಲೂ ಇದೆ. "ಭಾನುವಾರ ಎರಡು ಹನಿ ಹಾಕಿಸಿದ್ದೀವಲ್ಲ, ಮುಗೀತು" ಅನ್ನುತ್ತಾರೆ. ಮುಗಿಯಲಿಲ್ಲ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋ ಮೇಲಿನ ಕಟ್ಟಡ. ಅಡಿಪಾಯ ಅಂದರೆ ತಾಯಿ ಕಾರ್ಡಿನಲ್ಲಿರುವ ಲಸಿಕೆ. ಹುಟ್ಟಿದಾಗ ಒಂದು ಸಲ ಹನಿ, ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಸುಮಾರಿಗೆ ಬೂಸ್ಟರ್. ಇದರ ಜೊತೆಗೆ ತೋಳಿಗೆ ಹಾಕುವ ಪೋಲಿಯೋ ಇಂಜೆಕ್ಷನ್, ಅಂದರೆ ಐಪಿವಿ, ಒಂದೂವರೆ ತಿಂಗಳಿಗೆ ಮತ್ತು ಮೂರೂವರೆ ತಿಂಗಳಿಗೆ. 2023ರಿಂದ ಒಂಬತ್ತು ತಿಂಗಳಿಗೂ ಒಂದು ಸೇರಿದೆ. 2016ರ ಏಪ್ರಿಲ್‌ನಿಂದ ಬಾಯಿಯ ಹನಿಯಲ್ಲಿ ಪೋಲಿಯೋ ವೈರಸ್‌ನ ಮೂರು ಮಾದರಿಗಳಲ್ಲಿ ಎರಡನೆಯದು ಇಲ್ಲ, ಆದ್ದರಿಂದ ಆ ಎರಡನೇ ಮಾದರಿಯಿಂದ ಕಾಲು ಉಳಿಸುವುದು ಈ ಇಂಜೆಕ್ಷನ್ನೇ. ಅದಕ್ಕೇ ಬಿಡಾರಕ್ಕೆ ಹೋದಾಗ ಬೆರಳಿನ ಮೇಲೆ ಗುರುತು ಹಾಕಿ ವಾಪಸ್ ಬರಬೇಡಿ, ಕಾರ್ಡ್ ಕೇಳಿ, ಬಾಕಿ ಏನಿದೆ ಅಂತ ಬರೆದುಕೊಳ್ಳಿ. ತಡವಾದ ಮಗುವಿಗೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿ, ಹನಿಗೆ ನಾಲ್ಕು ವಾರದ ಅಂತರ ಇದ್ದರೆ ಸಾಕು.

ಕೈಯಲ್ಲಿರುವ ಸೀಸೆ

ದೂರ ಹೋಗುವವರು ಸೀಸೆ ಹಾಳು ಮಾಡಿಕೊಂಡರೆ ಹೋದದ್ದೆಲ್ಲ ವ್ಯರ್ಥ. ಸೀಸೆಯ ಲೇಬಲ್ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ, ಅಥವಾ ಚೌಕವೇ ಕಪ್ಪಾದರೆ, ಪಕ್ಕಕ್ಕಿಡಿ. ಪ್ರತಿ ಗುಡಿಸಲಿನ ಮುಂದೆ ನೋಡಿ, ಬೆಳಗ್ಗೆ ಒಂದು ಸಲ ನೋಡಿದರೆ ಸಾಲದು. ಲಸಿಕೆ ಒಯ್ಯುವ ತಂಪು ಪೆಟ್ಟಿಗೆಯ (ಕ್ಯಾರಿಯರ್) ಮುಚ್ಚಳ ಸುಮ್ನೆ ತೆರೆದಿಡಬೇಡಿ, ಬಿಸಿಲಲ್ಲಿ ಇಡಬೇಡಿ, ಅದರ ಮೇಲೆ ಕೂರಬೇಡಿ. ಐಪಿವಿ, ಪೆಂಟಾ ಒಯ್ಯುವುದಾದರೆ ಇನ್ನೊಂದು ಎಚ್ಚರ ಬೇಕು. ಹನಿಗೆ ಬಿಸಿ ಆಗದು, ಇವಕ್ಕೆ ಗಡ್ಡೆ ಕಟ್ಟುವಷ್ಟು ತಂಪು ಆಗದು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಹೊರಗಿಟ್ಟು, ಮೇಲೆ ಬೆವರಿ, ಕಿವಿ ಹತ್ತಿರ ಅಲ್ಲಾಡಿಸಿದಾಗ ನೀರಿನ ಸದ್ದು ಕೇಳಿದ ಮೇಲೆ ಕ್ಯಾರಿಯರಿಗೆ ಹಾಕಿ.

ಹಾಕುವಾಗ ಮಗುವನ್ನು ತಾಯಿಯ ತೊಡೆ ಮೇಲೆ ಅಂಗಾತ ಮಲಗಿಸಿ. ಬಾಯಿ ತೆರೆಯದಿದ್ದರೆ ಎರಡು ಬೆರಳಲ್ಲಿ ಕೆನ್ನೆ ಮೆಲ್ಲಗೆ ಒತ್ತಿ, ತುಟಿ ಹಕ್ಕಿ ಕೊಕ್ಕಿನ ಹಾಗೆ ಮುಂದೆ ಬರುತ್ತದೆ. ಸೀಸೆ ಓರೆ ಹಿಡಿದು ಎರಡು ಹನಿ. ತುದಿ ನಾಲಿಗೆಗೆ ತಾಗಬಾರದು. ನುಂಗಿತಾ ನೋಡಿ, ಉಗಿದರೆ ಮತ್ತೆ ಹಾಕಿ. ಆಮೇಲೆ ಎಡಗೈ ಕಿರುಬೆರಳಿನ ಉಗುರು ಮತ್ತು ಚರ್ಮ ಎರಡರ ಮೇಲೂ ಬರುವ ಹಾಗೆ ಮಾರ್ಕರ್ ಎಳೆಯಿರಿ. ಮಣ್ಣಲ್ಲಿ ಆಡುವ ಮಕ್ಕಳ ಬೆರಳು ಮೊದಲು ಒರೆಸಬೇಕು, ಇಲ್ಲದಿದ್ದರೆ ಶಾಯಿ ಮಣ್ಣಿನ ಮೇಲೆ ಕೂತು ಮಧ್ಯಾಹ್ನಕ್ಕೆ ಉದುರಿಹೋಗುತ್ತದೆ.

ಬೀಗ ಹಾಕಿದ, ಮಗು ಊರಲ್ಲಿಲ್ಲದ, ಬೇಡ ಅಂದ ಮನೆಗೆ ಎಕ್ಸ್ ಗುರುತು ಹಾಕುತ್ತೇವೆ, ಎಲ್ಲ ಮಕ್ಕಳಿಗೂ ಆದ ಮನೆಗೆ ಪಿ. ಸಂಜೆ ಸುಸ್ತಾದಾಗ ಎಕ್ಸ್ ಅನ್ನು ಪಿ ಮಾಡುವ ಮನಸ್ಸು ಬರುತ್ತದೆ, ಮೇಲಿನವರೂ ಯಾಕೆ ಇಷ್ಟೊಂದು ಎಕ್ಸ್ ಅಂತ ಕೇಳುತ್ತಾರೆ. ಮಾಡಬೇಡಿ. ಎಕ್ಸ್ ಇದ್ದರೆ ತಾನೇ ನಾಳೆ ಯಾರಾದರೂ ಆ ಮನೆಗೆ ಹೋಗುವುದು. ಎಕ್ಸ್ ಪಕ್ಕದಲ್ಲಿ ಕಾರಣ ಬರೆಯಿರಿ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತಲೂ ಬರೆಯಿರಿ. ಮೇಲ್ವಿಚಾರಕರಿಗೆ ನನ್ನ ಕೋರಿಕೆ ಇಷ್ಟೇ, ಎಕ್ಸ್ ಬರೆದವರನ್ನು ಬೈಯಬೇಡಿ.

ಸುತ್ತಾಡುವಾಗ ಹದಿನೈದು ವರ್ಷದ ಒಳಗಿನ ಯಾವುದಾದರೂ ಮಗು ಇದ್ದಕ್ಕಿದ್ದ ಹಾಗೆ ಕೈಯೋ ಕಾಲೋ ಬಲ ಕಳೆದುಕೊಂಡು ಜೋತುಬಿದ್ದಿದೆ ಅಂತ ಕೇಳಿದರೆ ಆ ದಿನವೇ ವೈದ್ಯಾಧಿಕಾರಿಗೆ ತಿಳಿಸಿ. ಬಲ ಹೋದ 14 ದಿನದ ಒಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು ಕಳಿಸಬೇಕು. ಬಿದ್ದು ಹೀಗಾಗಿದೆ, ಗಾಳಿ ಸೋಕಿದೆ ಅಂತ ಮನೆಯವರು ಹೇಳಿದರೂ ತಿಳಿಸಿ. ಪೋಲಿಯೋ ಹೌದೋ ಅಲ್ಲವೋ ಅಂತ ಹೇಳುವುದು ಲ್ಯಾಬಿನ ಕೆಲಸ.

ಕೊನೆಗೆ ಉಳಿಯುವುದು ಹೊರಟು ಹೋಗುವವರ ವಿಷಯ. ಕಬ್ಬು ಮುಗಿದರೆ ಬಿಡಾರ ಒಂದೇ ರಾತ್ರಿಯಲ್ಲಿ ಖಾಲಿ. ಕಾಗದದ ಕಾರ್ಡ್ ಮಳೆಗೆ ನೆನೆಯುತ್ತದೆ, ಇಲಿ ಕಡಿಯುತ್ತದೆ. ಕಾರ್ಡ್ ಬರೆದ ಕೂಡಲೇ ತಾಯಿಯ ಫೋನಿನಲ್ಲಿ, ಅವಳಿಗೆ ಇಲ್ಲದಿದ್ದರೆ ಮೇಸ್ತ್ರಿಯ ಫೋನಿನಲ್ಲಿ, ಅದರ ಫೋಟೋ ತೆಗೆದಿಡಿ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಸೇರಿಸಿದರೆ ಮಗುವಿನ ಲೆಕ್ಕ ಬೇರೆ ಜಿಲ್ಲೆಯಲ್ಲೂ ಸಿಗುತ್ತದೆ. ಅವರ ಊರಿನ ಆಶಾ ನಂಬರ್ ಕೇಳಿ ಇಟ್ಟುಕೊಳ್ಳಿ. ಹೊರಡುವ ವಾರ ಒಂದು ಫೋನ್ ಮಾಡಿ, ಇಂಥ ತಾಂಡಾದ ಇಂಥವರ ಮಗಳು, ಮೂರೂವರೆ ತಿಂಗಳಿನದ್ದು ಬಾಕಿ ಇದೆ, ಬರುತ್ತಿದ್ದಾಳೆ ನೋಡಿಕೊಳ್ಳಿ ಅಂತ ಹೇಳಿ. ಆ ಕಡೆಯ ಆಶಾ ಅಕ್ಕ ಹತ್ತು ದಿನ ಬಿಟ್ಟು ತಿರುಗಿ ಫೋನ್ ಮಾಡಿ "ಆತ್ರಿ, ಹಾಕೀವಿ" ಅಂದ ಮೇಲೆ ನೋಟ್ ಬುಕ್ಕಿನ ಆ ಸಾಲಿಗೆ ಟಿಕ್ ಹಾಕಿ. ಅಲ್ಲಿಯವರೆಗೆ ಹಾಕಬೇಡಿ.